ಮೆಲುಕು ಹಾಕುವ ಹೊಟ್ಟೆಯನ್ನು ಅರಿತು ಮೇವು ಹಾಕುವುದು ಹೇಗೆ? ಪುಣೆ ಸುತ್ತಮುತ್ತ ಹಸು, ಎಮ್ಮೆ, ಆಡು ಸಾಕುವ ಕನ್ನಡಿಗರಿಗೆ

ಒಣಗಿದ ಜೋಳದ ಕಣಿಕೆಯನ್ನು ನಾವು ತಿಂದರೆ ಏನೂ ದಕ್ಕುವುದಿಲ್ಲ. ಅದನ್ನೇ ಎಮ್ಮೆ ತಿಂದರೆ ಬೆಳಗ್ಗೆ ತಂಬಿಗೆ ತುಂಬ ಹಾಲು ಕೊಡುತ್ತದೆ. ಈ ಕೆಲಸ ಅದರ ಹೊಟ್ಟೆಯೊಳಗೆ ಹೇಗೆ ನಡೆಯುತ್ತದೆ ಅಂತ ಗೊತ್ತಾದರೆ, ಯಾವ ಮೇವು, ಎಷ್ಟು, ಯಾವಾಗ ಎಂಬ ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಸಿಗುತ್ತದೆ. ಗೊತ್ತಿಲ್ಲದೆ ಹೋದರೆ ಪ್ರೀತಿಯಿಂದ ಹಾಕಿದ ತುತ್ತೇ ದನದ ಪ್ರಾಣಕ್ಕೆ ಕುತ್ತಾಗಬಹುದು.

ಪುಣೆಯಿಂದ ಸೊಲ್ಲಾಪುರ ರಸ್ತೆ ಹಿಡಿದರೆ ಹಡಪ್ಸರ್, ಮಾಂಜರಿ, ಲೋಣಿ ಕಾಳಭೋರ್, ಉರುಳಿ ಕಾಂಚನ್ ಸಿಗುತ್ತವೆ. ಕಲಬುರಗಿ, ವಿಜಯಪುರ, ಬೀದರ್ ಕಡೆಯಿಂದ ಬಂದ ನಮ್ಮ ಮಂದಿ ಈ ಭಾಗದಲ್ಲಿ ಇದ್ದಾರೆ. ದುಡಿಮೆಯ ಜೊತೆಗೆ ಒಂದೆರಡು ಎಮ್ಮೆ ಕಟ್ಟಿದವರು, ಶೆಡ್ಡಿನ ಪಕ್ಕ ನಾಲ್ಕು ಆಡು ಸಾಕಿದವರು ಉಂಟು. ಊರಲ್ಲಿ ದನ ಬಯಲಿಗೆ ಹೋಗಿ, ತನಗೆ ಬೇಕಾದ್ದನ್ನು ಆರಿಸಿಕೊಂಡು ತಿನ್ನುತ್ತಿತ್ತು. ಇಲ್ಲಿ ಅದು ಗೂಟಕ್ಕೆ ಕಟ್ಟಿದ ಜೀವ. ನಾವು ಹಾಕಿದ್ದೇ ಅದರ ಊಟ. ಹಾಗಾಗಿ ಆರಿಸುವ ಹೊಣೆಯೂ ನಮ್ಮದೇ.

ಹೆಜ್ಜೆ 1: ಹೊಟ್ಟೆಯೊಳಗೆ ನಡೆಯುವುದನ್ನು ಮೊದಲು ತಿಳಿಯಿರಿ

ಈ ಭಾಗ ಸ್ವಲ್ಪ ಉದ್ದವಿದೆ. ಆದರೂ ಬಿಟ್ಟು ಮುಂದೆ ಹೋಗಬೇಡಿ. ಮುಂದಿನ ಎಲ್ಲಾ ಹೆಜ್ಜೆಗಳೂ ಇದರ ಮೇಲೆಯೇ ನಿಂತಿವೆ.

ಹಸು, ಎಮ್ಮೆ, ಆಡು, ಕುರಿಗಳಿಗೆ ಮೇಲಿನ ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ. ಆ ಜಾಗದಲ್ಲಿ ಗಟ್ಟಿಯಾದ ವಸಡು ಇರುತ್ತದೆ. ಹಸು ನಾಲಿಗೆಯಿಂದ ಹುಲ್ಲನ್ನು ಸುತ್ತಿ ಎಳೆದು, ಅರೆಬರೆ ಅಗಿದು ನುಂಗುತ್ತದೆ. ಆಮೇಲೆ ಆರಾಮಾಗಿ ಮಲಗಿ, ಅದನ್ನೇ ಉಂಡೆ ಉಂಡೆಯಾಗಿ ಬಾಯಿಗೆ ತಂದುಕೊಂಡು ಮತ್ತೆ ಅಗಿಯುತ್ತದೆ. ಒಂದೊಂದು ಉಂಡೆಯನ್ನು 50ರಿಂದ 70 ಸಲ ಅಗಿಯುವುದುಂಟು. ಚೆನ್ನಾಗಿ ನಾರು ತಿಂದ ಹಸು ದಿನಕ್ಕೆ 7-8 ತಾಸು ಮೆಲುಕಿನಲ್ಲೇ ಕಳೆಯುತ್ತದೆ.

ಹೊಟ್ಟೆ ಒಂದೇ, ಅದರಲ್ಲಿ ನಾಲ್ಕು ಕೋಣೆ. ಮೊದಲನೆಯದು ರೂಮೆನ್. ಇದೇ ಎಲ್ಲಕ್ಕಿಂತ ದೊಡ್ಡದು. ಬೆಳೆದ ಹಸುವಿನಲ್ಲಿ ಇದು 100 ಲೀಟರಿಗೂ ಜಾಸ್ತಿ ಹಿಡಿಯುತ್ತದೆ, ಎಡ ಪಕ್ಕೆಯ ಒಳಗೆಲ್ಲ ಇದೇ ತುಂಬಿರುತ್ತದೆ. ಅದಕ್ಕೆ ಅಂಟಿಕೊಂಡೇ ಮುಂದೆ, ಎದೆಯ ಹತ್ತಿರ, ರೆಟಿಕ್ಯುಲಂ ಇದೆ. ಇದರ ಒಳಗೋಡೆ ಜಾಲರಿಯಂತೆ ಕಾಣುತ್ತದೆ. ಭಾರವಾದ ವಸ್ತು, ಅಂದರೆ ಮೊಳೆ, ತಂತಿ ಚೂರು ನುಂಗಿದರೆ ಬಂದು ಕೂರುವುದು ಇಲ್ಲಿಯೇ. ಮೂರನೆಯದು ಓಮಾಸಮ್. ಅದರೊಳಗೆ ಪದರ ಪದರವಾಗಿ ಹಾಳೆಗಳಿದ್ದು ನೀರನ್ನು ಹೀರಿಕೊಳ್ಳುತ್ತವೆ. ನಾಲ್ಕನೆಯದು ಅಬೋಮಾಸಮ್. ನಮ್ಮ ಹೊಟ್ಟೆಯ ಹಾಗೆ ಜೀರ್ಣರಸ ಸುರಿಸುವ ನಿಜವಾದ ಹೊಟ್ಟೆ ಇದೊಂದೇ.

ಹುಲ್ಲಿನ ನಾರು ಅಂದರೆ ಮುಖ್ಯವಾಗಿ ಸೆಲ್ಯುಲೋಸ್. ಅದನ್ನು ಒಡೆಯುವ ರಸ ಹಸುವಿನ ದೇಹದಲ್ಲಿ ತಯಾರಾಗುವುದೇ ಇಲ್ಲ. ಆ ಕೆಲಸ ಮಾಡುವುದು ರೂಮೆನ್ನಿನಲ್ಲಿ ಬದುಕುವ ಸೂಕ್ಷ್ಮಜೀವಿಗಳು. ಅಲ್ಲಿಯ ರಸದ ಒಂದು ಮಿಲಿಲೀಟರಿನಲ್ಲಿ ಸುಮಾರು 1000 ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಅವುಗಳ ಜೊತೆ ಪ್ರೋಟೋಜೋವಾ ಇವೆ, ನಾರಿನೊಳಗೆ ಬೇರು ಬಿಟ್ಟು ಅದನ್ನು ಸಡಿಲಿಸುವ ಶಿಲೀಂಧ್ರಗಳೂ ಇವೆ. ದೋಸೆ ಹಿಟ್ಟು ರಾತ್ರಿಯೆಲ್ಲ ಹುದುಗು ಬರುವ ಹಾಗೆ ಇಲ್ಲಿಯೂ ಹುದುಗು ನಡೆಯುತ್ತದೆ, ಆದರೆ ಹಗಲೂ ರಾತ್ರಿ ನಿಲ್ಲದೆ, ಸುಮಾರು 39 ಡಿಗ್ರಿ ಬಿಸಿಯಲ್ಲಿ, ಗಾಳಿಯಿಲ್ಲದ ಜಾಗದಲ್ಲಿ.

ಈ ಹುದುಗಿನಿಂದ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಎಂಬ ಮೂರು ಆಮ್ಲಗಳು ಹುಟ್ಟುತ್ತವೆ. ರೂಮೆನ್ನಿನ ಗೋಡೆ ಅವನ್ನು ನೇರವಾಗಿ ರಕ್ತಕ್ಕೆ ಹೀರಿಕೊಳ್ಳುತ್ತದೆ. ಹಸುವಿಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಬರುವುದು ಈ ಆಮ್ಲಗಳಿಂದಲೇ. ನಾರು ಜಾಸ್ತಿ ಇದ್ದರೆ ಅಸಿಟಿಕ್ ಆಮ್ಲ ಜಾಸ್ತಿ ಆಗುತ್ತದೆ, ಅದರಿಂದ ಹಾಲಿನ ಫ್ಯಾಟ್. ಕಾಳು ಹಿಟ್ಟು ಜಾಸ್ತಿ ಇದ್ದರೆ ಪ್ರೊಪಿಯಾನಿಕ್ ಏರುತ್ತದೆ, ಅದರಿಂದ ದೇಹಕ್ಕೆ ಸಕ್ಕರೆ ಅಂಶ, ಹಾಲಿನ ಪ್ರಮಾಣ. ಡೈರಿಯಲ್ಲಿ ಫ್ಯಾಟ್ ಇಳಿಯಿತು ಎಂದು ದರ ಕಡಿದರೆ, ಹಸುವಿಗೆ ಸಾಕಷ್ಟು ನಾರು ಸಿಗುತ್ತಿದೆಯೇ ಎಂದು ಮೊದಲು ನೋಡಬೇಕು.

ಇನ್ನೊಂದು ವಿಷಯ ನನಗೆ ಯಾವತ್ತೂ ಬೆರಗು ಹುಟ್ಟಿಸುತ್ತದೆ. ಈ ಸೂಕ್ಷ್ಮಜೀವಿಗಳು ಮೇವಿನ ಸಾರಜನಕ ಬಳಸಿ ತಮ್ಮ ಮೈ ಬೆಳೆಸಿಕೊಳ್ಳುತ್ತವೆ. ಆಮೇಲೆ ಮೇವಿನ ಜೊತೆ ಹರಿದು ನಾಲ್ಕನೇ ಕೋಣೆ ಸೇರಿ ಅಲ್ಲಿ ತಾವೇ ಜೀರ್ಣವಾಗುತ್ತವೆ. ಹಸುವಿಗೆ ಸಿಗುವ ಪ್ರೋಟೀನಿನ ದೊಡ್ಡ ಪಾಲು ಇವುಗಳ ಮೈಯಿಂದಲೇ ಬರುತ್ತದೆ. ಕುದುರೆಯ ಹೊಟ್ಟೆಯಲ್ಲೂ ಹುಲ್ಲು ಹುದುಗುತ್ತದೆ, ಆದರೆ ಕೊನೆಯ ಕರುಳಿನಲ್ಲಿ. ಅಲ್ಲಿ ಬೆಳೆದ ಜೀವಿಗಳು ಹೆಚ್ಚಾಗಿ ಲದ್ದಿಯಲ್ಲೇ ಹೊರಗೆ ಹೋಗಿಬಿಡುತ್ತವೆ. ಕಳಪೆ ಹುಲ್ಲಿನ ಮೇಲೂ ಎಮ್ಮೆ ಮೈ ಹಿಡಿದುಕೊಂಡು ಇರುವುದಕ್ಕೆ ಇದೂ ಒಂದು ಕಾರಣ.

ಜೊಲ್ಲಿನ ಪಾತ್ರವೂ ದೊಡ್ಡದು. ಬೆಳೆದ ಹಸು ದಿನಕ್ಕೆ 100 ಲೀಟರಿಗೂ ಜಾಸ್ತಿ ಜೊಲ್ಲು ಸುರಿಸುತ್ತದೆ. ಅದರಲ್ಲಿ ಅಡುಗೆ ಸೋಡಾದಲ್ಲಿರುವ ಬೈಕಾರ್ಬೊನೇಟ್ ಇರುತ್ತದೆ. ಹುದುಗಿನಿಂದ ಬರುವ ಹುಳಿಯನ್ನು ಅದು ತಗ್ಗಿಸುತ್ತದೆ. ನಾರು ತಿಂದಷ್ಟೂ ಅಗಿತ ಜಾಸ್ತಿ, ಅಗಿದಷ್ಟೂ ಜೊಲ್ಲು ಜಾಸ್ತಿ, ಜೊಲ್ಲು ಬಂದಷ್ಟೂ ರೂಮೆನ್ ಸುಸ್ಥಿತಿಯಲ್ಲಿರುತ್ತದೆ. ಬರೀ ಹಿಟ್ಟು, ಅನ್ನ ಹಾಕಿದರೆ ಅಗಿಯುವುದಕ್ಕೆ ಏನೂ ಇರುವುದಿಲ್ಲ. ಆಗ ಹುಳಿ ಏರುತ್ತದೆ, ನಾರು ಒಡೆಯುವ ಬ್ಯಾಕ್ಟೀರಿಯಾ ಸಾಯುತ್ತವೆ.

ಹುದುಗಿನ ಗಾಳಿ ತೇಗಾಗಿ ಹೊರಬರುತ್ತದೆ. ದಿನಕ್ಕೆ ನೂರಾರು ಲೀಟರ್ ಗಾಳಿ, ಅದರಲ್ಲಿ ಮೀಥೇನ್ ಕೂಡ ಇರುತ್ತದೆ. ತೇಗು ಕಟ್ಟಿದರೆ ಹೊಟ್ಟೆ ಉಬ್ಬುತ್ತದೆ.

ಒಟ್ಟಿನಲ್ಲಿ ನೀವು ಗೋದಲಿಗೆ ಹಾಕುವ ಮೇವಿಗೆ ಮೊದಲು ಬಾಯಿ ಹಾಕುವವರು ಈ ಸೂಕ್ಷ್ಮಜೀವಿಗಳು. ಅವು ಉಂಡು ಉಳಿಸಿ ಕೊಟ್ಟದ್ದು ಹಸುವಿಗೆ. ಮುಂದೆ ಹೇಳುವುದೆಲ್ಲ ಅವನ್ನು ಬದುಕಿಸಿಕೊಳ್ಳುವ ದಾರಿ.

ಹೆಜ್ಜೆ 2: ಕೈ, ಕಣ್ಣಿನಿಂದ ಹೊಟ್ಟೆಯನ್ನು ಓದುವುದನ್ನು ಕಲಿಯಿರಿ

ಹಸುವಿನ ಎಡಗಡೆ ನಿಂತುಕೊಳ್ಳಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಒಂದು ತ್ರಿಕೋನದ ಗುಳಿ ಕಾಣುತ್ತದೆ. ಅಲ್ಲಿ ಮುಷ್ಟಿಯನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಎರಡು ನಿಮಿಷದಲ್ಲಿ ಎರಡರಿಂದ ನಾಲ್ಕು ಸಲ ಒಳಗಿನಿಂದ ಅಲೆ ಬಂದು ಮುಷ್ಟಿಯನ್ನು ತಳ್ಳಬೇಕು. ಹಾಗೆ ತಳ್ಳಿದರೆ ರೂಮೆನ್ ಕೆಲಸ ಮಾಡುತ್ತಿದೆ ಎಂದರ್ಥ. ಏನೂ ಆಡದಿದ್ದರೆ ಡಾಕ್ಟರಿಗೆ ಫೋನ್ ಮಾಡುವ ಹೊತ್ತು. ದನ ಚೆನ್ನಾಗಿರುವಾಗಲೇ ದಿನಾ ಒತ್ತಿ ನೋಡಿ ರೂಢಿ ಮಾಡಿಕೊಳ್ಳಿ. ಆರೋಗ್ಯದ ಅಲೆ ಹೇಗಿರುತ್ತದೆ ಅಂತ ಕೈಗೆ ಗೊತ್ತಿದ್ದರೆ ಮಾತ್ರ ಕಾಯಿಲೆ ಬಂದಾಗ ಗೊತ್ತಾಗುತ್ತದೆ, ಅಲ್ವಾ?

ಅದೇ ಗುಳಿ ಒಳಗೆ ಕುಸಿದಿದ್ದರೆ ದನ ತಿಂದಿಲ್ಲ. ಡೋಲಿನಂತೆ ಬಿಗಿದಿದ್ದರೆ ಗಾಳಿ ತುಂಬಿದೆ. ಒತ್ತಿದರೆ ಕಲಸಿದ ಹಿಟ್ಟಿನಂತೆ ಗುಳಿ ಬಿದ್ದು ಹಾಗೇ ಉಳಿದರೆ ಒಳಗೆ ಮೇವು ಗಟ್ಟಿಯಾಗಿ ಕೂತಿದೆ.

ಮಧ್ಯಾಹ್ನ ಮಲಗಿದ ದನಗಳನ್ನು ಎಣಿಸಿ. ಅರ್ಧಕ್ಕಿಂತ ಜಾಸ್ತಿ ಮೆಲುಕು ಹಾಕುತ್ತಿರಬೇಕು. ಸಗಣಿಯನ್ನೂ ನೋಡಿ. ತೆಳ್ಳಗೆ, ನೊರೆ ನೊರೆಯಾಗಿ, ಹುಳಿ ವಾಸನೆ ಬಂದರೆ ಹಿಟ್ಟು ಜಾಸ್ತಿಯಾಗಿದೆ. ಗಟ್ಟಿ ಉಂಡೆಯಾದರೆ ನೀರು ಸಾಲದು ಅಥವಾ ಒಣಮೇವೇ ಜಾಸ್ತಿ. ಒಂದು ಮುಷ್ಟಿ ಸಗಣಿಯನ್ನು ಹಳೇ ಜರಡಿಯಲ್ಲಿ ಹಾಕಿ ನೀರು ಬಿಟ್ಟು ತೊಳೆಯಿರಿ. ಇಡೀ ಕಾಳು, ಉದ್ದುದ್ದ ನಾರು ಉಳಿದರೆ, ನಿಮ್ಮ ದುಡ್ಡು ಜೀರ್ಣವಾಗದೆ ಹೊರಗೆ ಹೋಗುತ್ತಿದೆ.

ಹೆಜ್ಜೆ 3: ತೂಕ ತಿಳಿದು ಲೆಕ್ಕ ಹಾಕಿ

ತೂಕದ ಯಂತ್ರ ಬೇಕಿಲ್ಲ, ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆದುಕೊಳ್ಳಿ. ಭುಜದ ಮೂಳೆಯ ತುದಿಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ ಅಳೆಯಿರಿ. ಎರಡೂ ಇಂಚಿನಲ್ಲಿ ಇರಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಬರುವುದು ಸುಮಾರು ಕಿಲೋ ತೂಕ. ಸುತ್ತಳತೆ 68, ಉದ್ದ 56 ಇದ್ದರೆ 392 ಕಿಲೋ ಬರುತ್ತದೆ. 400 ಅಂತ ಹಿಡಿಯೋಣ.

ಹಾಲು ಕೊಡುವ ಹಸುವಿಗೆ ದಿನಕ್ಕೆ ಅದರ ತೂಕದ ನೂರರಲ್ಲಿ ಮೂರು ಭಾಗದಷ್ಟು ಒಣ ಅಂಶ ಬೇಕು. ಒಣ ಅಂಶ ಅಂದರೆ ಮೇವಿನಿಂದ ನೀರೆಲ್ಲ ತೆಗೆದರೆ ಉಳಿಯುವುದು. 400 ಕಿಲೋ ಹಸುವಿಗೆ 12 ಕಿಲೋ. ಹಸಿರು ಮೇವಿನಲ್ಲಿ ಒಣ ಅಂಶ ನೂರಕ್ಕೆ 20-25, ಕಣಿಕೆ ಮತ್ತು ಪಶು ಆಹಾರದಲ್ಲಿ ಸುಮಾರು 90.

ದಿನಕ್ಕೆ 10 ಲೀಟರ್ ಕೊಡುವ ಹಸು ಅಂದುಕೊಳ್ಳಿ. ಮೈಗೆ ಒಂದೂವರೆ ಕಿಲೋ ಹಿಂಡಿ-ಬೂಸಾ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ. ಒಟ್ಟು ಐದೂವರೆ ಕಿಲೋ, ಅದರಲ್ಲಿ ಒಣ ಅಂಶ 5. ಉಳಿದ 7 ಕಿಲೋ ಒಣ ಅಂಶ ನಾರಿನಿಂದ ಬರಬೇಕು. 15 ಕಿಲೋ ಹಸಿರು, 4 ಕಿಲೋ ಕಣಿಕೆ ಹಾಕಿದರೆ ಸರಿಹೋಗುತ್ತದೆ. ಕುದುರೆ ಮೆಂತ್ಯದಂಥ ಬೇಳೆ ಜಾತಿಯ ಹಸಿರು ಇದ್ದರೆ ಹಿಂಡಿಯನ್ನು ಒಂದು ಕಿಲೋ ಕಡಿಮೆ ಮಾಡಬಹುದು. ಎಮ್ಮೆಯ ಹಾಲಿನಲ್ಲಿ ಫ್ಯಾಟ್ ಜಾಸ್ತಿ, ಅದಕ್ಕೆ ಎರಡು ಲೀಟರಿಗೆ ಒಂದು ಕಿಲೋ ಲೆಕ್ಕ.

ಒಂದು ಗೆರೆಯನ್ನು ಮಾತ್ರ ದಾಟಬೇಡಿ. ಒಟ್ಟು ಒಣ ಅಂಶದಲ್ಲಿ ಹಿಂಡಿ-ಬೂಸಾದ ಪಾಲು ಅರ್ಧ ಮೀರಬಾರದು. ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ, ಉಪ್ಪು ಸ್ವಲ್ಪ. ನೀರು ಯಾವಾಗಲೂ ಮುಂದೆ ಇರಲಿ. ಬೇಸಿಗೆಯಲ್ಲಿ ಇಂಥ ಹಸು ದಿನಕ್ಕೆ 60-80 ಲೀಟರ್ ಕುಡಿಯುತ್ತದೆ.

ಹೆಜ್ಜೆ 4: ಹಾಕುವ ಕ್ರಮ

ಬೆಳಗ್ಗೆ ಖಾಲಿ ಹೊಟ್ಟೆಗೆ ಹಿಂಡಿ ಹಾಕಬೇಡಿ. ಮೊದಲು ಒಣಮೇವು, ಅರ್ಧ ತಾಸು ಬಿಟ್ಟು ಹಿಂಡಿ. ಹಿಂಡಿಯನ್ನೂ ಎರಡು ಮೂರು ಸಲಕ್ಕೆ ಹಂಚಿ. ಒಂದೇ ಸಲ ಸುರಿದರೆ ಹುಳಿ ಒಮ್ಮೆಲೇ ಏರುತ್ತದೆ.

ಕಣಿಕೆ ಕತ್ತರಿಸಿ ಹಾಕಿದರೆ ಹಾಳಾಗುವುದು ಕಡಿಮೆ. ಒಂದರಿಂದ ಎರಡು ಇಂಚು ತುಂಡು ಒಳ್ಳೆಯದು. ಯಂತ್ರದಲ್ಲಿ ಪುಡಿ ಮಾಡಿಸಬೇಡಿ. ಪುಡಿಯಾದ ನಾರು ರೂಮೆನ್ನಿನಲ್ಲಿ ನಿಲ್ಲದೆ ಬೇಗ ಜಾರುತ್ತದೆ, ಮೆಲುಕನ್ನೂ ಕೆರಳಿಸುವುದಿಲ್ಲ.

ಹೆಜ್ಜೆ 5: ಪುಣೆಯಲ್ಲಿ ಸಿಗುವ ಮೇವನ್ನು ಒಂದೊಂದಾಗಿ ಅಳೆಯಿರಿ

ಕಣಿಕೆ. ಇಲ್ಲಿಯವರ ಕಡಬಾ. ಹಿಂಗಾರಿ ಜೋಳದ ಕಣಿಕೆ ನಮ್ಮ ಕಡೆಯವರಿಗೆ ಗೊತ್ತಿರುವ ಒಳ್ಳೆಯ ಒಣಮೇವು. ಬೂಷ್ಟು ಹಿಡಿದ ಕಟ್ಟನ್ನು ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ.

ಹಸಿ ಜೋಳ, ಅಂದರೆ ಕಡವಳ. ಇದರಲ್ಲಿ ಎಚ್ಚರ ತಪ್ಪಬಾರದು. ಎಳೆಯ ಜೋಳದ ಗಿಡದಲ್ಲಿ ಸೈನೈಡ್ ಹುಟ್ಟಿಸುವ ಅಂಶ ಇರುತ್ತದೆ. ದನ ಅಗಿದಾಗ, ರೂಮೆನ್ನಿನ ಸೂಕ್ಷ್ಮಜೀವಿಗಳು ಅದನ್ನು ಒಡೆದಾಗ ವಿಷ ಬೇಗ ಬಿಡುಗಡೆಯಾಗುತ್ತದೆ. ಮಳೆ ಕೈಕೊಟ್ಟು ಬಾಡಿದ ಪೈರು, ಕೊಯ್ದ ಮೇಲೆ ಕೂಳೆಯಿಂದ ಚಿಗುರಿದ ಪೈರು ಇನ್ನೂ ಅಪಾಯ. ಹೂವು ಬರುವವರೆಗೆ, ಕಡೇ ಪಕ್ಷ 50 ದಿನ ದಾಟುವವರೆಗೆ ಹಸಿಯಾಗಿ ಹಾಕಬೇಡಿ. ಕೊಯ್ದು ಚೆನ್ನಾಗಿ ಒಣಗಿಸಿದರೆ ವಿಷ ಬಹಳ ಕಡಿಮೆಯಾಗುತ್ತದೆ.

ಕಬ್ಬಿನ ಸೋಗೆ. ಮರಾಠಿಯವರು ವಾಢೆ ಅನ್ನುತ್ತಾರೆ. ಚಳಿಗಾಲದಲ್ಲಿ ಕಬ್ಬು ಕಡಿಯುವ ಹೊತ್ತಿಗೆ ಪುಣೆ ಜಿಲ್ಲೆಯ ತುಂಬ ಸಿಗುತ್ತದೆ. ಹೊಟ್ಟೆ ತುಂಬುತ್ತದೆ, ಆದರೆ ಪ್ರೋಟೀನ್ ಕಡಿಮೆ, ಆಕ್ಸಲೇಟ್ ಜಾಸ್ತಿ. ಆಕ್ಸಲೇಟ್ ಮೇವಿನ ಕ್ಯಾಲ್ಸಿಯಂ ಹಿಡಿದು ಕಟ್ಟಿಬಿಡುತ್ತದೆ, ಹಾಲು ಹಿಂಡುವ ದನಕ್ಕೆ ಅದು ಸಿಗುವುದಿಲ್ಲ. ತಿಂಗಳುಗಟ್ಟಲೆ ಬರೀ ಸೋಗೆ ಹಾಕಿದರೆ ದನ ಬಡಕಲಾಗುತ್ತದೆ. ಹಸಿರು ಪಾಲಿನಲ್ಲಿ ಅರ್ಧದಷ್ಟು ಮಾತ್ರ ಹಾಕಿ, ಖನಿಜ ಮಿಶ್ರಣ ತಪ್ಪಿಸಬೇಡಿ. ನಿಧಾನವಾಗಿ ಶುರು ಮಾಡಿದರೆ ಆಕ್ಸಲೇಟ್ ಒಡೆಯುವ ಬ್ಯಾಕ್ಟೀರಿಯಾ ರೂಮೆನ್ನಿನಲ್ಲಿ ಹೆಚ್ಚುತ್ತವೆ. ಇದ್ದಕ್ಕಿದ್ದಂತೆ ಹಾಕಿದರೆ ಅವಕ್ಕೆ ಆ ಸಮಯ ಸಿಗುವುದಿಲ್ಲ.

ಕುದುರೆ ಮೆಂತ್ಯ, ಇಲ್ಲಿ ಲಸೂಣ ಘಾಸ್. ಪ್ರೋಟೀನ್ ತುಂಬಿದ ಮೇವು. ಬೆಳಗ್ಗೆ ಇಬ್ಬನಿಯಲ್ಲಿ ನೆನೆದ ಎಳೆಯದನ್ನು ಹಸಿದ ದನಕ್ಕೆ ಹೊಟ್ಟೆ ತುಂಬ ಹಾಕಿದರೆ ರೂಮೆನ್ನಿನಲ್ಲಿ ನೊರೆ ಕಟ್ಟುತ್ತದೆ. ನೊರೆಯೊಳಗೆ ಸಿಕ್ಕ ಗಾಳಿ ತೇಗಾಗಿ ಬರಲಾರದು. ಬಾಡಿಸಿ, ಕಣಿಕೆಯ ಜೊತೆ ಬೆರೆಸಿ ಹಾಕಿ.

ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನ ತರಕಾರಿ ಸೊಪ್ಪು. ಹೂಕೋಸಿನ ಎಲೆ, ಬಟಾಣಿ ಸಿಪ್ಪೆ, ಮೂಲಂಗಿ ಸೊಪ್ಪು ಅಗ್ಗವಾಗಿ ಸಿಗುತ್ತವೆ. ಇವುಗಳಲ್ಲಿ ನೀರೇ ಜಾಸ್ತಿ. ಹಸಿರಿನ ಒಂದು ಪಾಲು ಅಂತ ಬಳಸಿ, ಇದನ್ನೇ ಊಟ ಮಾಡಬೇಡಿ. ಕೊಳೆತದ್ದನ್ನು ತೆಗೆಯಿರಿ. ನೆಲದ ಮೇಲೆ ಹರಡಿ ರಬ್ಬರ್ ಬ್ಯಾಂಡ್, ಪ್ಲಾಸ್ಟಿಕ್, ದಾರ, ತಂತಿ ಒಂದೊಂದಾಗಿ ಆರಿಸಿ. ಪ್ಲಾಸ್ಟಿಕ್ ಚೀಲ ಹೊಟ್ಟೆಯಲ್ಲಿ ಕರಗುವುದಿಲ್ಲ. ಅದು ರೂಮೆನ್ನಿನಲ್ಲೇ ಉಂಡೆಯಾಗಿ ಸೇರುತ್ತಾ ಹೋಗುತ್ತದೆ. ತಂತಿ ರೆಟಿಕ್ಯುಲಮ್ಮಿನಲ್ಲಿ ಕೂತು, ಗೋಡೆ ಚುಚ್ಚಿ, ಪಕ್ಕದಲ್ಲೇ ಇರುವ ಹೃದಯದವರೆಗೂ ಹೋಗಬಲ್ಲದು. ಮಹಾರಾಷ್ಟ್ರದಲ್ಲಿ 2018ರಿಂದ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧ ಇದೆ. ಹಾಗಿದ್ದರೂ ತರಕಾರಿ ರಾಶಿಯಲ್ಲಿ ಅವು ಸಿಗುತ್ತಲೇ ಇವೆ.

ಹೋಟೆಲಿನ ಉಳಿದ ಅನ್ನ, ಚಪಾತಿ, ಇಡ್ಲಿ. ನಮ್ಮವರ ಹೋಟೆಲು ಪುಣೆಯಲ್ಲಿ ಬಹಳ. ಚೆಲ್ಲುವ ಬದಲು ದನಕ್ಕೆ ಕೊಡೋಣ ಎಂಬ ಮನಸ್ಸು ದೊಡ್ಡದು. ಆದರೆ ಬೆಂದ ಅನ್ನದ ಪಿಷ್ಟ ರೂಮೆನ್ನಿನಲ್ಲಿ ಬಹಳ ವೇಗವಾಗಿ ಹುದುಗುತ್ತದೆ. ಲ್ಯಾಕ್ಟಿಕ್ ಆಮ್ಲ ಏರಿ, ಹುಳಿ ಮಿತಿ ಮೀರಿ, ಅಲೆ ನಿಂತುಹೋಗುತ್ತದೆ. ದೇಹದ ನೀರೆಲ್ಲ ಹೊಟ್ಟೆಗೆ ಎಳೆದುಕೊಂಡು ಕಣ್ಣು ಒಳಗೆ ಹೋಗುತ್ತದೆ, ದನ ನೆಲ ಹಿಡಿಯುತ್ತದೆ. ಒಂದೇ ದಿನದಲ್ಲಿ ಸಾಯುವುದೂ ಉಂಟು. ಆಡಿಗೆ ಒಂದು ಪಾತ್ರೆ ಅನ್ನವೇ ಸಾಕು. ಮದುವೆ ಮಂಟಪದಿಂದ ಊಟದ ಉಳಿಕೆ ಬಂದ ದಿನ ದನಗಳನ್ನು ಬಿಗಿಯಾಗಿ ಕಟ್ಟಿ, ಪಾತ್ರೆಗಳನ್ನು ಅವುಗಳಿಗೆ ಎಟುಕದ ಕಡೆ ಮುಚ್ಚಿಡಿ.

ಇದೇ ಮಾತು ಪೋಳಾ ಹಬ್ಬಕ್ಕೂ, ನಮ್ಮ ಕಾರ ಹುಣ್ಣಿಮೆಗೂ ಸೇರುತ್ತದೆ. ಎತ್ತನ್ನು ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸುವುದು ನಮ್ಮ ಸಂಭ್ರಮ. ಅದು ಬೇಡ ಅನ್ನುವವನು ನಾನಲ್ಲ. ಆದರೆ ಓಣಿಯ ಪ್ರತಿ ಮನೆಯವರೂ ಒಂದೊಂದು ಹೋಳಿಗೆ ತಿನ್ನಿಸಿದರೆ ಬೆಲ್ಲ, ಬೇಳೆ, ಹಿಟ್ಟು ಒಟ್ಟಾಗಿ ಎತ್ತಿನ ಹೊಟ್ಟೆ ಕೆಡಿಸುತ್ತವೆ. ಪೂಜೆಗೆ ಒಂದು ಹೋಳಿಗೆ ಸಾಕು. ಉಳಿದವರು ಒಂದು ಹಿಡಿ ಹುಲ್ಲು ತಿನ್ನಿಸಲಿ.

ಬಯಲಿನ ಹುಲ್ಲಲ್ಲಿ ಪಾರ್ಥೇನಿಯಂ ಇದ್ದರೆ ಆರಿಸಿ ಬಿಸಾಡಿ. ಭಾರತದಲ್ಲಿ ಈ ಕಳೆಯನ್ನು 1950ರ ದಶಕದಲ್ಲಿ ಮೊದಲು ಗುರುತಿಸಿದ್ದು ಪುಣೆಯಲ್ಲೇ. ದನ ತಿಂದರೆ ಹಾಲು ಕಹಿಯಾಗುತ್ತದೆ.

ಸ್ವಲ್ಪ ನೆಲ ಇರುವವರು ನೇಪಿಯರ್ ಹುಲ್ಲು ಹಾಕಿಕೊಳ್ಳಿ. ಉರುಳಿ ಕಾಂಚನ್‌ನಲ್ಲಿ ಮಣಿಭಾಯಿ ದೇಸಾಯಿ 1967ರಲ್ಲಿ ಕಟ್ಟಿದ ಬಾಯಫ್ ಸಂಸ್ಥೆ ಮೇವಿನ ಬೆಳೆಗಳ ಮೇಲೆ ಕೆಲಸ ಮಾಡಿದೆ. ಅಲ್ಲಿ ವಿಚಾರಿಸಿದರೆ ಯಾವ ತಳಿ ನಿಮ್ಮ ನೆಲಕ್ಕೆ ಹೊಂದುತ್ತದೆ ಅಂತ ತಿಳಿಯುತ್ತದೆ.

ಹೆಜ್ಜೆ 6: ಮೇವು ಬದಲಿಸುವಾಗ 10-14 ದಿನ ತೆಗೆದುಕೊಳ್ಳಿ

ರೂಮೆನ್ನಿನಲ್ಲಿ ಯಾವ ಸೂಕ್ಷ್ಮಜೀವಿ ಎಷ್ಟಿರಬೇಕು ಅಂತ ನಿರ್ಧರಿಸುವುದು ಮೇವು. ಕಣಿಕೆ ತಿನ್ನುವ ದನದಲ್ಲಿ ನಾರು ಒಡೆಯುವ ಜಾತಿ ಜಾಸ್ತಿ, ಹಿಂಡಿ ತಿನ್ನುವುದರಲ್ಲಿ ಪಿಷ್ಟ ಒಡೆಯುವ ಜಾತಿ ಜಾಸ್ತಿ. ಒಂದು ಗುಂಪು ಇಳಿದು ಇನ್ನೊಂದು ಏರಲು ದಿನಗಳು ಬೇಕು.

ಹೊಸ ಮೇವನ್ನು ಮೊದಲ ಮೂರು ದಿನ ಕಾಲು ಭಾಗ, ಮುಂದಿನ ಮೂರು ನಾಲ್ಕು ದಿನ ಅರ್ಧ, ಆಮೇಲೆ ಮುಕ್ಕಾಲು, ಕೊನೆಗೆ ಪೂರ್ತಿ ಮಾಡಿ. ಜೂನ್‌ನಲ್ಲಿ ಮಳೆ ಬಿದ್ದ ಕೂಡಲೇ ಗುಡ್ಡದ ಎಳೆ ಹುಲ್ಲಿಗೆ ದಿನವಿಡೀ ಬಿಡುವವರು ಇದನ್ನು ನೆನಪಿಡಿ. ಬೆಳಗ್ಗೆ ಒಣಮೇವು ತಿನ್ನಿಸಿ, ಮೊದಮೊದಲು ಒಂದೆರಡು ತಾಸು ಮಾತ್ರ ಬಿಡಿ.

ಒಂದು ನಿಜವಾದ ಕಥೆ ಹೇಳುತ್ತೇನೆ. ಸುಬಾಬುಲ್ ಮರದ ಸೊಪ್ಪಿನಲ್ಲಿ ಮಿಮೋಸಿನ್ ಎಂಬ ವಿಷದ ಅಂಶ ಇದೆ. ಆಸ್ಟ್ರೇಲಿಯಾದಲ್ಲಿ ಇದನ್ನು ತಿಂದ ದನಗಳು ಕೂದಲು ಉದುರಿ ಸೊರಗುತ್ತಿದ್ದವು. ಹವಾಯಿ ದ್ವೀಪದ ಆಡುಗಳು ಅದನ್ನೇ ತಿಂದು ಚೆನ್ನಾಗಿಯೇ ಇದ್ದವು. ರೇಮಂಡ್ ಜೋನ್ಸ್ ಎಂಬ ವಿಜ್ಞಾನಿಗೆ, ವ್ಯತ್ಯಾಸ ಇರುವುದು ರೂಮೆನ್ನಿನ ಬ್ಯಾಕ್ಟೀರಿಯಾದಲ್ಲಿ ಅನ್ನಿಸಿತು. 1980ರ ದಶಕದಲ್ಲಿ ಹವಾಯಿ ಆಡಿನ ರೂಮೆನ್ ಬ್ಯಾಕ್ಟೀರಿಯಾವನ್ನು ಆಸ್ಟ್ರೇಲಿಯಾದ ದನಗಳಿಗೆ ಸೇರಿಸಿದರು. ದನಗಳಿಗೆ ಸುಬಾಬುಲ್ ದಕ್ಕತೊಡಗಿತು. ಆ ಬ್ಯಾಕ್ಟೀರಿಯಾಕ್ಕೆ ಆಮೇಲೆ ಅವರ ಹೆಸರನ್ನೇ ಸೇರಿಸಿ ಸಿನರ್ಜಿಸ್ಟಿಸ್ ಜೋನ್ಸಿ ಎಂದು ಕರೆದರು. ನಮ್ಮಲ್ಲೂ ಡಾಕ್ಟರುಗಳು ಮೆಲುಕು ನಿಂತ ದನಕ್ಕೆ ಆರೋಗ್ಯವಂತ ದನದ ರೂಮೆನ್ ರಸ ಕುಡಿಸುತ್ತಾರೆ. ಅಲ್ಲಿಯೂ ನಡೆಯುವುದು ಇದೇ. ಸುಬಾಬುಲ್ ಹಾಕುವವರು ಮೇವಿನ ಮೂರರಲ್ಲಿ ಒಂದು ಪಾಲು ಮೀರಬೇಡಿ.

ಹೆಜ್ಜೆ 7: ಕಳಪೆ ಹುಲ್ಲನ್ನು ಯೂರಿಯಾದಿಂದ ಸುಧಾರಿಸುವುದು

ಮಾವಳ, ಮುಳಶಿ ಕಡೆ ಭತ್ತದ ಹುಲ್ಲು ಸಿಗುತ್ತದೆ. ಗೋಧಿ ಹೊಟ್ಟೂ ಸಿಗುತ್ತದೆ. ಇವುಗಳಲ್ಲಿ ನಾರು ಬಿಗಿಯಾಗಿ ಕಟ್ಟಿಕೊಂಡಿರುತ್ತದೆ, ಸಾರಜನಕ ತೀರಾ ಕಡಿಮೆ. ಯೂರಿಯಾದಿಂದ ಹೊರಡುವ ಅಮೋನಿಯಾ ನಾರನ್ನು ಸಡಿಲಿಸುತ್ತದೆ, ಸೂಕ್ಷ್ಮಜೀವಿಗಳಿಗೆ ಸಾರಜನಕವನ್ನೂ ಕೊಡುತ್ತದೆ.

100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾ, ಸುಮಾರು 50 ಲೀಟರ್ ನೀರು. ಯೂರಿಯಾ ಪೂರ್ತಿ ಕರಗಲಿ. ಹುಲ್ಲನ್ನು ಪದರ ಪದರವಾಗಿ ಹರಡಿ, ಪ್ರತಿ ಪದರಕ್ಕೂ ಸಮನಾಗಿ ಚಿಮುಕಿಸಿ, ತುಳಿದು ಗಾಳಿ ತೆಗೆಯಿರಿ. ಗಟ್ಟಿ ಪ್ಲಾಸ್ಟಿಕ್ ಹಾಳೆಯಿಂದ ಗಾಳಿಯಾಡದಂತೆ ಮುಚ್ಚಿ, 21 ದಿನ ಬಿಡಿ. ಬಿಚ್ಚಿದಾಗ ಹುಲ್ಲು ಕಂದು ಹಳದಿಯಾಗಿ ಮೆತ್ತಗಾಗಿರುತ್ತದೆ, ಅಮೋನಿಯಾ ಘಾಟು ಬರುತ್ತದೆ. ಅವತ್ತಿಗೆ ಬೇಕಾದಷ್ಟು ತೆಗೆದು, ಒಂದೆರಡು ತಾಸು ಗಾಳಿಗೆ ಹರಡಿ, ಘಾಟು ಹೋದ ಮೇಲೆ ಹಾಕಿ.

ಆರು ತಿಂಗಳಿಗಿಂತ ಚಿಕ್ಕ ಕರುವಿಗೆ, ಕುದುರೆ ಕತ್ತೆಗೆ ಇದು ಬೇಡವೇ ಬೇಡ. ಯೂರಿಯಾ ಕರಗಿಸಿದ ನೀರಿನ ಬಕೆಟ್ ದನಕ್ಕೆ ಸಿಗದ ಹಾಗೆ ನೋಡಿಕೊಳ್ಳಿ. ಕುಡಿದರೆ ಉಳಿಯುವುದು ಕಷ್ಟ.

ಹೆಜ್ಜೆ 8: ಕರು ಮತ್ತು ಆಡು

ಹುಟ್ಟಿದ ಕರುವಿನ ರೂಮೆನ್ ಇನ್ನೂ ಬೆಳೆದಿರುವುದಿಲ್ಲ. ಅದು ಚೀಪಿದಾಗ ಅನ್ನನಾಳದ ಕೊನೆಯಲ್ಲಿರುವ ತೆರೆದ ಕಾಲುವೆಯೊಂದು ಮುಚ್ಚಿಕೊಂಡು ಕೊಳವೆಯಂತಾಗಿ, ಹಾಲು ರೂಮೆನ್ನಿಗೆ ಬೀಳದೆ ನೇರ ನಾಲ್ಕನೇ ಕೋಣೆಗೆ ಹೋಗುತ್ತದೆ. ಹಾಗಾಗಿ ಬಾಯಿ ಅಗಲಿಸಿ ಸುರಿಯಬೇಡಿ, ಚೀಪಲು ಬಿಡಿ. ಗಿಣ್ಣದ ಹಾಲು ಹುಟ್ಟಿದ ಒಂದೆರಡು ತಾಸಿನೊಳಗೆ ಶುರುವಾಗಬೇಕು. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು ಹೋಗಲಿ. ದಿನ ಕಳೆದರೆ ಅದರ ರಕ್ಷಣೆಯ ಅಂಶವನ್ನು ಕರುಳು ಹೀರಿಕೊಳ್ಳುವುದಿಲ್ಲ. ಎರಡನೇ ವಾರದಿಂದ ಒಂದು ಹಿಡಿ ಕರುವಿನ ಹಿಂಡಿ, ಮೆತ್ತನೆಯ ಒಣಹುಲ್ಲು ಮುಂದೆ ಇಡಿ. ಅದು ಹುದುಗಿ ಬರುವ ಆಮ್ಲಗಳೇ ರೂಮೆನ್ನಿನ ಗೋಡೆಯನ್ನು ಬೆಳೆಸುತ್ತವೆ. ಸುಮಾರು ಮೂರು ತಿಂಗಳಿಗೆ ಕರು ಸರಿಯಾಗಿ ಮೆಲುಕು ಹಾಕುವಂತಾಗುತ್ತದೆ.

ಆಡು ಹಸುವಿನ ಹಾಗೆ ಹುಲ್ಲು ಮೇಯುವುದಲ್ಲ, ಆರಿಸಿ ಆರಿಸಿ ಸೊಪ್ಪು ತಿನ್ನುವುದು. ಈ ಕಡೆ ಹೆಸರುವಾಸಿಯಾದ ಉಸ್ಮಾನಾಬಾದಿ ಆಡಿಗೆ ಜಾಲಿ, ಬಾರೆ, ಶೇವರಿ ಸೊಪ್ಪು ಅಂದರೆ ಪ್ರಾಣ. ಕಟ್ಟು ಕಟ್ಟಿ ಎತ್ತರಕ್ಕೆ ತೂಗುಹಾಕಿ, ನೆಲದಲ್ಲಿ ತುಳಿದದ್ದನ್ನು ಅದು ಮುಟ್ಟುವುದಿಲ್ಲ. 30 ಕಿಲೋ ಆಡಿಗೆ ದಿನಕ್ಕೆ ಸುಮಾರು ಒಂದು ಕಿಲೋ ಒಣ ಅಂಶ ಸಾಕು, ಹಿಂಡಿ 200-250 ಗ್ರಾಂ. ಮಳೆಗಾಲದ ಮುಂಚೆ ಕರುಳುಬೇನೆಯ ಲಸಿಕೆ ಹಾಕಿಸಿ. ಎಳೆ ಹುಲ್ಲು, ಕಾಳು ಒಮ್ಮೆಲೇ ಜಾಸ್ತಿ ತಿಂದಾಗ ಕರುಳಿನ ಬ್ಯಾಕ್ಟೀರಿಯಾ ವಿಷ ಬಿಟ್ಟು, ಚೆನ್ನಾಗಿ ಬೆಳೆದ ಮರಿಗಳನ್ನೇ ಕೊಲ್ಲುತ್ತವೆ.

ಹೆಜ್ಜೆ 9: ಅವಸರದ ಹೊತ್ತಿನಲ್ಲಿ

ಎಡಪಕ್ಕೆ ಉಬ್ಬಿ, ದನ ಬಾಯಿ ತೆರೆದು ಉಸಿರಾಡುತ್ತಿದ್ದರೆ ಮೊದಲು 1962ಕ್ಕೆ ಫೋನ್ ಮಾಡಿ. ಅದು ಸಂಚಾರಿ ಪಶು ಚಿಕಿತ್ಸೆಯ ನಂಬರು. ಡಾಕ್ಟರ್ ಬರುವವರೆಗೆ ಮುಂಗಾಲು ಎತ್ತರದ ನೆಲದ ಮೇಲೆ ಬರುವಂತೆ ನಿಲ್ಲಿಸಿ, ಮಲಗಲು ಬಿಡಬೇಡಿ. ನೊರೆ ಉಬ್ಬರವಾದರೆ ಹಸುವಿಗೆ 300-500 ಮಿಲಿಲೀಟರ್, ಆಡಿಗೆ 50 ಮಿಲಿಲೀಟರ್ ಅಡುಗೆ ಎಣ್ಣೆ ಕುಡಿಸಬಹುದು. ಕುಡಿಸುವಾಗ ತಲೆಯನ್ನು ತೀರಾ ಮೇಲೆತ್ತಬೇಡಿ, ನಾಲಿಗೆ ಹಿಡಿದೆಳೆಯಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಅದೇ ಸಾವಿಗೆ ಕಾರಣವಾಗುತ್ತದೆ. ನೆಲ ಹಿಡಿದ ದನಕ್ಕೆ, ನುಂಗಲಾಗದ ದನಕ್ಕೆ ಬಾಯಿಂದ ಏನನ್ನೂ ಕುಡಿಸಬೇಡಿ.

ಅನ್ನ, ಹಿಟ್ಟು, ಕಾಳು ಜಾಸ್ತಿ ತಿಂದದ್ದು ಗೊತ್ತಾದರೆ ಲಕ್ಷಣ ಕಾಣಲಿ ಅಂತ ಕಾಯಬೇಡಿ. ಉಳಿದ ಹಿಂಡಿಯನ್ನು ಅವತ್ತು ನಿಲ್ಲಿಸಿ, ಒಣಹುಲ್ಲು ಮಾತ್ರ ಮುಂದಿಡಿ. ಸೋಡಾ ಎಷ್ಟು ಕೊಡಬೇಕು, ಸಲೈನ್ ಬೇಕೇ ಎಂಬುದನ್ನು ಡಾಕ್ಟರ್ ನಿರ್ಧರಿಸಲಿ. ಹಸಿ ಜೋಳ ತಿಂದು ಸ್ವಲ್ಪ ಹೊತ್ತಿನಲ್ಲೇ ನಡುಗಿ ಬಿದ್ದರೆ ಸೈನೈಡ್ ಎಂದು ತಿಳಿದು, ಫೋನಿನಲ್ಲೇ ಆ ಮಾತು ಹೇಳಿ. ಅದಕ್ಕೆ ಔಷಧಿ ಇದೆ, ಆದರೆ ರಕ್ತಕ್ಕೆ ಕೊಡಬೇಕು, ತಡವಾಗಬಾರದು.

ಡಾಕ್ಟರ್ ಬಂದಾಗ ನಾಲ್ಕು ವಿಷಯ ಸಿದ್ಧವಾಗಿ ಇಟ್ಟುಕೊಳ್ಳಿ. ಕಳೆದ ಎರಡು ದಿನ ಏನು ತಿಂದಿತು, ಎಷ್ಟು ತಿಂದಿತು. ಕೊನೆಯ ಸಲ ಮೆಲುಕು ಹಾಕಿದ್ದು ಯಾವಾಗ. ಸಗಣಿ ಹೇಗಿತ್ತು. ಎಡ ಗುಳಿಯಲ್ಲಿ ಅಲೆ ಎಷ್ಟು ಸಲ ಸಿಕ್ಕಿತು. ಭಾಷೆಯ ತೊಡಕಿದ್ದರೆ ಮರಾಠಿ ಬಲ್ಲ ನೆರೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ತಿಂದದ್ದನ್ನು ಸಂಕೋಚಕ್ಕೆ ಮುಚ್ಚಿಡಬೇಡಿ. ಹೋಟೆಲಿನ ಅನ್ನವಾಗಲಿ, ಹಬ್ಬದ ಹೋಳಿಗೆಯಾಗಲಿ, ಇದ್ದದ್ದು ಇದ್ದ ಹಾಗೆ ಹೇಳಿದರೆ ಡಾಕ್ಟರಿಗೆ ಅರ್ಧ ತಾಸು ಉಳಿಯುತ್ತದೆ.